‘ತಂದೆಯೇ’ ಎನ್ನಲು ಬಾಯಿ ಬಾರದಾಗ: ಪ್ರಾರ್ಥನೆಯ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ದೇವರನ್ನು ತಂದೆ ಎಂದು ನಂಬಿ ಪ್ರಾರ್ಥಿಸುವುದು ಹೇಗೆ ಎಂದು ಕೇಳಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ತೆಗೆದುಕೊಂಡಿದ್ದೇವೆ. ಮೆಥೋಡಿಸ್ಟರು, ಕಥೋಲಿಕರು, ಪೆಂತೆಕೊಸ್ತ್ ಸಭೆಯವರು ಎಲ್ಲರೂ ಬರೆದಿದ್ದಾರೆ. ಹೆಸರು ಬೇಡ ಎಂದವರೇ ಹೆಚ್ಚು. ಹಾಗಾಗಿ ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ನಮ್ಮಪ್ಪ ಕುಡಿದು ಬಂದು ಅವ್ವನನ್ನೂ ನಮ್ಮನ್ನೂ ಹೊಡೆಯುತ್ತಿದ್ದ. ಈಗ ಅವನಿಲ್ಲ. ನನಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ. ಆರಾಧನೆಯಲ್ಲಿ ಎಲ್ಲರೂ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರು ಮಾಡಿದ ಕೂಡಲೇ ನನ್ನ ಬಾಯಿ ಕಟ್ಟುತ್ತದೆ. ಯೇಸುವಿಗೆ ಪ್ರಾರ್ಥಿಸಬಲ್ಲೆ, ತಂದೆಗೆ ಆಗುವುದಿಲ್ಲ. ಇದು ಪಾಪವೇ?
— ಓದುಗರು, ಸಿಂಧನೂರು

ಉತ್ತರ: ಪಾಪವಲ್ಲ ತಂಗಿ. ಒಮ್ಮೆ ಸುಟ್ಟುಕೊಂಡ ಕೈ ಒಲೆ ಕಂಡರೆ ತಾನಾಗಿ ಹಿಂದೆ ಸರಿಯುತ್ತದೆ, ನಿಮ್ಮದೂ ಅಂಥದ್ದೇ. ಇದು ನಿಮ್ಮೊಬ್ಬರ ಕಷ್ಟವೂ ಅಲ್ಲ. ಭೂಮಿಯ ಮೇಲಿನ ಅಪ್ಪ ಅವ್ವಂದಿರು ತಪ್ಪಿ ನಡೆದು ತಂದೆ–ತಾಯಿ ಎಂಬ ಮುಖವನ್ನೇ ಕೆಡಿಸಬಹುದು ಎಂದು ಕಥೋಲಿಕ ಸಭೆಯ 1992ರ ಧರ್ಮೋಪದೇಶವೇ ಒಪ್ಪುತ್ತದೆ (239ನೇ ಪರಿಚ್ಛೇದ).

ತಂದೆ ಎಂದೇ ಕರೆಯಬೇಕೆಂಬ ಒತ್ತಡವನ್ನು ಮೊದಲು ಕೆಳಗಿಳಿಸಿ. ಬೈಬಲ್ಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳು 150 ಇವೆ. ಅವುಗಳಲ್ಲಿ ಮೊರೆಯಿಡುವವರು ದೇವರನ್ನು ಕುರುಬ ಎನ್ನುತ್ತಾರೆ (23), ಬಂಡೆ ಎನ್ನುತ್ತಾರೆ (18), ಬೆಳಕು ಎನ್ನುತ್ತಾರೆ (27), ಆಶ್ರಯ ಎನ್ನುತ್ತಾರೆ (46). ತಂದೆ ಎನ್ನುವುದು ಅಪರೂಪ. ಆ ಪ್ರಾರ್ಥನೆಗಳಲ್ಲಿ ಯಾವುದೂ ಎರಡನೇ ದರ್ಜೆಯದಲ್ಲ. ಇನ್ನು ಕೆಲವು ತಿಂಗಳು ನಿಮಗೂ ಅವೇ ಸಾಕು.

ಬಾಯಿ ಸ್ವಲ್ಪ ಸಡಿಲವಾದ ಮೇಲೆ ‘ನಮ್ಮ ಕರ್ತನಾದ ಯೇಸುವಿನ ತಂದೆಯೇ’ ಎಂದು ಶುರು ಮಾಡಿ ನೋಡಿ. ಅಪೊಸ್ತಲ ಪೌಲನು ತನ್ನ ಪತ್ರಗಳಲ್ಲಿ ಎಷ್ಟೋ ಕಡೆ ಹೀಗೇ ಹೇಳುತ್ತಾನೆ (2 ಕೊರಿಂಥ 1:3, ಎಫೆಸ 1:3). ಇದರಿಂದ ಆಗುವ ಉಪಕಾರ ಇಷ್ಟು: ನೀವು ಮಾತಾಡುತ್ತಿರುವುದು ನಿಮ್ಮಪ್ಪನ ದೊಡ್ಡ ರೂಪದೊಂದಿಗೆ ಅಲ್ಲ, ಯೇಸು ಕಂಡು ಹೇಳಿದ ಒಬ್ಬ ತಂದೆಯೊಂದಿಗೆ ಎಂದು ಮನಸ್ಸಿಗೆ ದಿನವೂ ನೆನಪಾಗುತ್ತದೆ.

ಆ ತಂದೆ ಹೇಗಿದ್ದಾನೆಂದು ತಿಳಿಯಲು ಲೂಕ 15:11ರಿಂದ 24ರವರೆಗೆ ಒಂದು ವಾರ ಓದಿ. ಪಾಲು ತೆಗೆದುಕೊಂಡು ಹೋಗಿ ಎಲ್ಲವನ್ನೂ ಹಾಳುಮಾಡಿ ಮನೆಗೆ ಮರಳಿದ ಮಗನ ಬಗ್ಗೆ ಯೇಸು ಹೇಳಿದ ಕತೆ ಅದು. ಮಕ್ಕಳ ಹಳೇ ನೋಟ್‌ಬುಕ್ಕಿನ ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ನೀವು ತಪ್ಪು ಮಾಡಿದಾಗ ಮನೆಯಲ್ಲಿ ಅಪ್ಪ ಏನು ಮಾಡುತ್ತಿದ್ದ ಎಂಬುದು ಎಡಕ್ಕೆ, ಈ ತಂದೆ ಏನು ಮಾಡಿದ ಎಂಬುದು ಬಲಕ್ಕೆ. 20ನೇ ವಚನ ನೋಡಿ. ಮಗ ಇನ್ನೂ ದೂರದಲ್ಲಿರುವಾಗಲೇ ಕಾಣುತ್ತಾನೆ, ಕನಿಕರಪಡುತ್ತಾನೆ, ಓಡುತ್ತಾನೆ, ತಬ್ಬಿಕೊಳ್ಳುತ್ತಾನೆ. ಹೊಲಮನೆ ಇದ್ದ ಹಿರೀಕ ಊರ ಮುಂದೆ ಓಡುವುದು ನಮ್ಮ ಕಡೆಯೂ ಕಾಣದ ಮಾತು. ಮಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದು 19ನೇ ವಚನದಲ್ಲಿದೆ: ನನ್ನನ್ನು ಒಬ್ಬ ಕೂಲಿಯಾಳಿನ ಹಾಗೆ ಇಟ್ಟುಕೋ. ಆದರೆ 21ರಲ್ಲಿ ಅವನು ಬಾಯಿ ಬಿಟ್ಟಾಗ ಆ ಕೊನೆಯ ಮಾತು ಹೊರಗೆ ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ನಿಲುವಂಗಿ ತರಿಸುತ್ತಿದ್ದಾನೆ, ಕೈಗೆ ಉಂಗುರ, ಕಾಲಿಗೆ ಜೋಡು. ಎಲ್ಲಿ ಹಾಳು ಮಾಡಿದೆ, ಎಷ್ಟು ಉಳಿಯಿತು ಎಂದು ಒಂದು ಮಾತೂ ಕೇಳುವುದಿಲ್ಲ.

ಎಡಗಡೆಯ ಸಾಲುಗಳನ್ನು ಹರಿದು ಹಾಕಬೇಡಿ. ಅವನ್ನೇ ದೇವರಿಗೆ ಓದಿ ಹೇಳಿ. ತಂದೆತಾಯಿ ತೊರೆದರೂ ಯೆಹೋವನು ಸೇರಿಸಿಕೊಳ್ಳುತ್ತಾನೆ ಎಂದ ಕೀರ್ತನೆ 27:10 ನಿಮ್ಮಂಥವರ ಬಾಯಿಗೆಂದೇ ಇದೆ.

ಕೆಡುವುದು ಎಲ್ಲೆಂದರೆ ಅವಸರದಲ್ಲಿ. ಕೂಟದಲ್ಲಿ ಯಾರೋ ತಲೆಯ ಮೇಲೆ ಕೈಯಿಟ್ಟು ‘ಈಗಲೇ ನಿಮ್ಮಪ್ಪನನ್ನು ಕ್ಷಮಿಸಿದೆ ಅನ್ನು’ ಎನ್ನುತ್ತಾರೆ. ಅಳುತ್ತಾ ಹೇಳುತ್ತೀರಿ, ಎರಡು ದಿನ ಹಗುರವಾಗಿರುತ್ತದೆ, ಮೂರನೇ ದಿನ ಹಳೇ ಸಿಟ್ಟು ಮರಳುತ್ತದೆ. ಆಗ ‘ನನ್ನ ಕ್ಷಮೆಯೇ ಸುಳ್ಳು’ ಎಂಬ ಹೊಸ ಅಪರಾಧ ಭಾವವೊಂದು ಸೇರಿಕೊಳ್ಳುತ್ತದೆ. ಅದು ನಿಮ್ಮ ತಪ್ಪಲ್ಲ, ಅವಸರಪಡಿಸಿದವರದು. ‘ತಂದೆತಾಯಿಗಳನ್ನು ಸನ್ಮಾನಿಸು’ ಎಂಬ ಆಜ್ಞೆ ತೋರಿಸಿ ಬಾಯಿ ಮುಚ್ಚಿಸುವವರೂ ಸಿಗುತ್ತಾರೆ. ಹೊಡೆತವನ್ನು ಮುಚ್ಚಿಡು ಎಂದು ಆ ಆಜ್ಞೆ ಹೇಳುವುದಿಲ್ಲ.

ಆರಾಧನೆಯಲ್ಲಿ ಮೊದಲ ಸಾಲಿಗೆ ಸುಮ್ಮನಿದ್ದು ಎರಡನೆಯದಕ್ಕೆ ಸೇರಿಕೊಳ್ಳಿ. ಯಾರೂ ಲೆಕ್ಕ ಇಡುವುದಿಲ್ಲ. ರಾತ್ರಿ ಬೆಚ್ಚಿ ಏಳುವುದು, ಗಂಡಸರ ದನಿ ಏರಿದರೆ ಮೈ ನಡುಗುವುದು ಇವೆಯಾದರೆ ಪ್ರಾರ್ಥನೆಯ ಜೊತೆಗೆ ಆಪ್ತಸಮಾಲೋಚನೆಯೂ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್ ಸಂಖ್ಯೆ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದುವ ಯಾರ ಮನೆಯಲ್ಲಾದರೂ ಹೊಡೆತ ಈಗಲೂ ನಡೆಯುತ್ತಿದ್ದರೆ 181 ಮಹಿಳಾ ಸಹಾಯವಾಣಿ, ಮಕ್ಕಳಿಗೆ 1098, ತುರ್ತಿಗೆ 112. ಫೋನ್ ಮಾಡುವುದು ಅಪನಂಬಿಕೆಯಲ್ಲ.

ಪ್ರಶ್ನೆ: ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ಎರಡು ಕೋಣೆಯ ಮನೆಯಲ್ಲಿ ಆರು ಜನ. ‘ನಿನ್ನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ’ ಎಂದು ಯೇಸು ಹೇಳಿದ ಕೋಣೆ ನಾನೆಲ್ಲಿ ತರಲಿ?
— ಓದುಗರು, ತೋರಣಗಲ್ಲು

ಉತ್ತರ: ಮತ್ತಾಯ 6:6ರ ತಕರಾರು ಕೋಣೆಯ ಬಗ್ಗೆ ಅಲ್ಲ, ಹತ್ತು ಜನ ನೋಡಲಿ ಎಂದು ಬೀದಿ ಮೂಲೆಯಲ್ಲಿ ನಿಂತು ಮಾಡುವ ಪ್ರಾರ್ಥನೆಯ ಬಗ್ಗೆ. ಯೇಸುವಿಗೂ ಸ್ವಂತ ಕೋಣೆ ಇರಲಿಲ್ಲ. ನಸುಕಿನಲ್ಲೆದ್ದು ಅಡವಿಯ ಕಡೆ ಹೋದ (ಮಾರ್ಕ 1:35), ಬೆಟ್ಟ ಹತ್ತಿದ (ಲೂಕ 6:12). ಪೇತ್ರ ಮಧ್ಯಾಹ್ನ ಮಾಳಿಗೆಯ ಮೇಲೆ ಪ್ರಾರ್ಥಿಸಿದ (ಅಪೊಸ್ತಲರ ಕೃತ್ಯಗಳು 10:9). ಬಳ್ಳಾರಿ ಬೇಸಿಗೆಯಲ್ಲಿ ಮಧ್ಯಾಹ್ನದ ಮಾಳಿಗೆ ಮಾತ್ರ ಬೇಡ, ಇಳಿಹೊತ್ತಿಗೆ ಹೋಗಿ.

ನಿಮಗೆ ಗಡಿಯಾರದ ಹೊತ್ತು ಒಗ್ಗುವುದಿಲ್ಲ. ದಿನಾ ಬೆಳಿಗ್ಗೆ 5ಕ್ಕೆ ಎಂದು ಹಟ ಹಿಡಿದರೆ ರಾತ್ರಿ ಪಾಳಿಯ ವಾರದಲ್ಲಿ ಮುರಿಯುತ್ತದೆ, ಮುರಿದದ್ದು ಮತ್ತೆ ಕೂಡುವುದಿಲ್ಲ. ಗಡಿಯಾರದ ಬದಲು ದಿನಾ ಮಾಡುವ ಒಂದು ಕೆಲಸಕ್ಕೆ ಕಟ್ಟಿಹಾಕಿ: ಕಾರ್ಖಾನೆ ಬಸ್ಸು ಹತ್ತಿ ಕೂತ ಕೂಡಲೇ, ಅಥವಾ ಪಾಳಿ ಮುಗಿಸಿ ಕೈಕಾಲು ತೊಳೆದ ಕೂಡಲೇ. ಹತ್ತು ನಿಮಿಷ ಸಾಕು. ಮೊದಲ ಒಂದು ನಿಮಿಷ ಸುಮ್ಮನೆ ಉಸಿರಾಡಿ, ಯಾರ ಮುಂದೆ ಕೂತಿದ್ದೇನೆ ಎಂದು ನೆನೆಸಿಕೊಳ್ಳಿ. ಮೂರು ನಿಮಿಷ ಒಂದು ಕೀರ್ತನೆಯನ್ನು ಎರಡು ಸಲ ಓದಿ. ನಾಲ್ಕು ನಿಮಿಷ ಇವತ್ತಿನ ಮಾತು ಹೇಳಿ: ಮೇಸ್ತ್ರಿಯ ಬೈಗುಳ, ಪಗಾರ ತಡವಾದದ್ದು, ಮಗಳ ಜ್ವರ. ಉಳಿದ ಎರಡು ನಿಮಿಷ ಏನೂ ಹೇಳಬೇಡಿ. ಈ ಕೊನೆಯ ಎರಡನ್ನೇ ಎಲ್ಲರೂ ನುಂಗಿಹಾಕುತ್ತಾರೆ. ಮನೆಗೆ ಬಂದ ಮಗ ಬೇಕಾದ್ದೆಲ್ಲ ಕೇಳಿ, ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಎದ್ದು ಹೋದರೆ ಹೇಗೆ?

ರಾತ್ರಿ ಪಾಳಿಯ ವಾರಕ್ಕೆ ಕೀರ್ತನೆ 134 ಇಟ್ಟುಕೊಳ್ಳಿ. ಮೂರೇ ವಚನ, ದೇವಾಲಯದಲ್ಲಿ ರಾತ್ರಿ ಸೇವೆಗೆ ನಿಂತವರ ಹಾಡು. 121 ಕೂಡ ಒಳ್ಳೆಯದು, ಅದರಲ್ಲಿ ಕಾಯುವವನು ತೂಕಡಿಸುವುದಿಲ್ಲ. ಪಾಳಿ ಮುಗಿಸಿ ಹಾಸಿಗೆಯಲ್ಲಿ ಮಲಗಿಕೊಂಡು ಪ್ರಾರ್ಥಿಸಿದರೆ ಎರಡನೇ ಸಾಲಿಗೆ ಗೊರಕೆ. ಅದನ್ನು ಪಾಪ ಎಂದುಕೊಳ್ಳಬೇಡಿ, ನಿದ್ದೆ ಬೇಕಾಗಿದೆ, ಮಲಗಿ. ಮೊಬೈಲಿನಲ್ಲಿ ಬೈಬಲ್ ಓದುವುದಾದರೆ ಮೊದಲು ಏರೋಪ್ಲೇನ್ ಮೋಡ್ ಒತ್ತಿ. ಇಲ್ಲದಿದ್ದರೆ ಕೀರ್ತನೆಯ ನಡುವೆ ವಾಟ್ಸಾಪ್ ಬರುತ್ತದೆ, ಕೀರ್ತನೆ ಅಲ್ಲಿಗೆ ಮುಗಿಯುತ್ತದೆ.

ಪ್ರಶ್ನೆ: ನಮ್ಮ ಸಭೆಯಲ್ಲಿ ಹಿರಿಯರು ಪುಸ್ತಕದ ಕನ್ನಡದಲ್ಲಿ ಪ್ರಾರ್ಥಿಸುತ್ತಾರೆ, ಕೆಲವರು ತೆಲುಗಿನಲ್ಲಿ. ನನಗೆ ಎರಡೂ ಸರಿಯಾಗಿ ಬರುವುದಿಲ್ಲ. ಎದ್ದು ನಿಂತರೆ ಮಾತೇ ಹೊರಡದು.
— ಓದುಗರು, ದೇವದುರ್ಗ

ಉತ್ತರ: ಮನೆಯಲ್ಲಿ ಆಡುವ ಮಾತಿನಲ್ಲೇ ಪ್ರಾರ್ಥಿಸಿ. ‘ಯಪ್ಪಾ, ಈ ಸಲಾನೂ ಹತ್ತಿಗೆ ರೇಟ್ ಬಂದಿಲ್ಲ, ಸಾಲದವ್ರು ಮನಿಗೆ ಬರಾಕತ್ಯಾರ, ಏನ್ ಮಾಡ್ಲಿ’ ಎಂಬುದು ಪೂರ್ತಿ ಪ್ರಾರ್ಥನೆ. ಅದರಲ್ಲಿ ಕರೆಯಿದೆ, ಸಂಗತಿಯಿದೆ, ಬೇಡಿಕೆಯಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೂತು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದದ್ದು ಜನ ತಮ್ಮ ಮಾತಿನಲ್ಲಿ ಓದಲಿ ಎಂದೇ. ಸಭೆಯಲ್ಲಿ ಎದ್ದು ಪ್ರಾರ್ಥಿಸುವುದು ಕಡ್ಡಾಯವೇನಲ್ಲ. ಹಿರಿಯರ ಪ್ರಾರ್ಥನೆಗೆ ನೀವು ಹೇಳುವ ಆಮೆನ್ ಕೂಡ ಪ್ರಾರ್ಥನೆಯೇ.

ಪ್ರಶ್ನೆ: ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಉಪವಾಸ ಮಾಡಿದ್ದೇನೆ, ಹರಕೆ ಹೊತ್ತಿದ್ದೇನೆ. ‘ನಿನಗೆ ನಂಬಿಕೆ ಸಾಲದು, ಯಾವುದೋ ಗುಪ್ತ ಪಾಪ ಇದೆ’ ಎಂದು ಸಭೆಯ ಹಿರಿಯರೊಬ್ಬರು ಹೇಳಿದರು. ರೊಟ್ಟಿ ಕೇಳಿದರೆ ಕಲ್ಲು ಕೊಡುವ ತಂದೆ ಉಂಟೇ ಎಂದು ಯೇಸು ಕೇಳುತ್ತಾನೆ. ನನಗೆ ಕಲ್ಲೇ ಸಿಕ್ಕಿದೆ ಅನಿಸುತ್ತದೆ.
— ಓದುಗರು, ಗಂಗಾವತಿ

ಉತ್ತರ: ಅಕ್ಕಾ, ಆ ಹಿರಿಯರ ಮಾತನ್ನು ಮೊದಲು ಪಕ್ಕಕ್ಕಿಡಿ. ಬೈಬಲ್ ಆ ಲೆಕ್ಕವನ್ನು ಒಪ್ಪುವುದಿಲ್ಲ. ಬೇಥೆಸ್ದ ಕೊಳದ ಬಳಿ 38 ವರ್ಷ ಬಿದ್ದಿದ್ದವನು ವಾಸಿಯಾದ ಮೇಲೂ ತನ್ನನ್ನು ವಾಸಿಮಾಡಿದವನು ಯಾರೆಂದು ಅರಿಯ (ಯೋಹಾನ 5:13). ಅವನಲ್ಲಿ ಎಷ್ಟು ತೊಲ ನಂಬಿಕೆ ಇತ್ತು? ಮೂರ್ಛೆರೋಗದ ಹುಡುಗನ ಅಪ್ಪ ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು’ ಎಂದು ಅರೆಬರೆ ನಂಬಿಕೆಯನ್ನೇ ಮುಂದಿಟ್ಟ (ಮಾರ್ಕ 9:24). ಮಗ ವಾಸಿಯಾದ. ಅದೇ ಪೌಲನು ತನ್ನ ಶರೀರದ ಮುಳ್ಳು ಹೋಗಲಿ ಎಂದು ಮೂರು ಸಲ ಬೇಡಿದ, ಹೋಗಲಿಲ್ಲ (2 ಕೊರಿಂಥ 12:8-9). ಪೌಲನಿಗೆ ನಂಬಿಕೆ ಸಾಲದಾಗಿತ್ತು ಎಂದು ಆ ಹಿರಿಯರು ಹೇಳುತ್ತಾರೆಯೇ? ಯೋಬನಿಗೆ ‘ನಿನ್ನಲ್ಲೇ ಏನೋ ಪಾಪವಿದೆ’ ಎಂದು ವಾದಿಸಿದ ಗೆಳೆಯರ ಮೇಲೆಯೇ ಕೊನೆಗೆ ದೇವರು ಸಿಟ್ಟಾದದ್ದು (ಯೋಬ 42:7).

ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ‘ಅಪ್ಪಾ’ ಎಂದು ಕರೆದು, ನಿನಗೆ ಎಲ್ಲವೂ ಸಾಧ್ಯ, ಈ ಪಾತ್ರೆಯನ್ನು, ಅಂದರೆ ಬರಲಿದ್ದ ಸಂಕಟವನ್ನು, ತೊಲಗಿಸು ಎಂದು ಬೇಡಿದ. ಒಮ್ಮೆಯಲ್ಲ, ಮೂರು ಸಲ, ಅದೇ ಮಾತಿನಲ್ಲಿ (ಮತ್ತಾಯ 26:44). ಪಾತ್ರೆ ತೊಲಗಲಿಲ್ಲ. ಆದ್ದರಿಂದ ಕೇಳಿದ್ದು ಸಿಗದಿರುವುದನ್ನು ತಂದೆ ಕೈಬಿಟ್ಟದ್ದರ ಗುರುತು ಎಂದುಕೊಳ್ಳಬೇಕಿಲ್ಲ. ಯಾಕೆ ಸಿಗಲಿಲ್ಲ ಎಂಬುದಕ್ಕೆ ನಿಮ್ಮ ಮನೆಯ ಮಟ್ಟಿಗೆ ಕಾರಣ ಕೊಡುವ ಹಕ್ಕು ನಮಗಿಲ್ಲ, ನಿಮ್ಮ ಸಭೆಯ ಹಿರಿಯರಿಗೂ ಇಲ್ಲ.

ಹರಕೆ, ಉಪವಾಸದ ಬಗ್ಗೆ ಒಂದು ಮಾತು ಕಟುವಾಗಿಯೇ ಹೇಳಬೇಕು. ‘ಇಷ್ಟು ದಿನ ಉಪವಾಸ ಮಾಡುತ್ತೇನೆ, ನೀನು ಇದನ್ನು ಕೊಡು’ ಎಂದರೆ ಅದು ಅಡತಿ ಅಂಗಡಿಯ ಮಾತಾಯಿತು. ಸಿಗದಿದ್ದರೆ ‘ನನ್ನ ಕಂತು ಕಡಿಮೆಯಾಯಿತು’ ಎಂದು ಇನ್ನಷ್ಟು ಉಪವಾಸ, ಇನ್ನಷ್ಟು ಕಾಣಿಕೆ. ಅರ್ಧ ಸಭೆಗಳು ನಡೆಯುತ್ತಿರುವುದೇ ಇದರ ಮೇಲೆ ಎಂದರೆ ಕೆಲವರಿಗೆ ಸಿಟ್ಟು ಬರಬಹುದು, ಬರಲಿ. ಮಕ್ಕಳು ಅಪ್ಪನಿಗೆ ಕಂತು ಕಟ್ಟಿ ಊಟ ಕೇಳುವುದಿಲ್ಲ.

ಹಾಗಾದರೆ ಈಗ ಪ್ರಾರ್ಥಿಸುವುದು ಹೇಗೆ? ಕೀರ್ತನೆ 13 ತೆಗೆಯಿರಿ, ಆರೇ ವಚನ. ಮೊದಲೆರಡರಲ್ಲಿ ‘ಇನ್ನೆಷ್ಟರವರೆಗೆ’ ಎಂಬ ದೂರು ನಾಲ್ಕು ಸಲ ಬರುತ್ತದೆ. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ. ನಿಮ್ಮ ಪ್ರಾರ್ಥನೆಯನ್ನೂ ಈ ಅಳತೆಗೆ ಹೊಲಿಯಿರಿ. ನಾಲ್ಕು ದೂರು ಬರೆಯಿರಿ. ನಾದಿನಿಯ ಸೀಮಂತದಲ್ಲಿ ಹಿಂದೆ ನಿಲ್ಲಿಸಿದ್ದಿದ್ದರೆ ಅದನ್ನೂ ಬರೆಯಿರಿ. ಆಮೇಲೆ ಬೇಡಿಕೆ. ಭರವಸೆಯ ಸಾಲು ಇವತ್ತು ಬಾಯಿಗೆ ಬರದಿದ್ದರೆ ಬಿಟ್ಟುಬಿಡಿ. 88ನೇ ಕೀರ್ತನೆ ಕತ್ತಲಿನಲ್ಲೇ ಮುಗಿಯುತ್ತದೆ, ಅದನ್ನೂ ಯಾರೂ ಬೈಬಲ್ಲಿನಿಂದ ತೆಗೆದು ಹಾಕಲಿಲ್ಲ. ಸಿಟ್ಟನ್ನು ಅಪ್ಪನ ಮುಂದೆ ಆಡಿ ತೋರಿಸುವ ಮಗಳು ಅಪ್ಪನನ್ನು ಬಿಟ್ಟವಳಲ್ಲ.

ಜೊತೆಗೆ ವೈದ್ಯರ ಬಳಿ ಇಬ್ಬರೂ ಹೋಗಿ. ಮಗು ಆಗದಿರುವುದಕ್ಕೆ ಗಂಡಸಿನ ಕಡೆಯ ಕಾರಣವೂ ಅಷ್ಟೇ ಸಾಮಾನ್ಯ. ವೀರ್ಯ ಪರೀಕ್ಷೆ ಸುಲಭದ್ದು, ನೋವಿಲ್ಲದ್ದು, ಅದನ್ನೇ ಮೊದಲು ಮಾಡಿಸುವುದು ಒಳ್ಳೆಯದು. ನಮ್ಮ ಕಡೆ ಹೆಂಗಸನ್ನು ಮಾತ್ರ ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗಿಸುವುದೇ ರೂಢಿಯಾಗಿದೆ. ‘ಮಾತ್ರೆ ನಿಲ್ಲಿಸಿ ನಂಬಿಕೆ ತೋರಿಸು’ ಎಂದು ಯಾರಾದರೂ ಹೇಳಿದರೆ ಆ ಕೂಟಕ್ಕೆ ಹೋಗುವುದನ್ನು ನಿಲ್ಲಿಸಿ, ಮಾತ್ರೆಯನ್ನಲ್ಲ.

ಪ್ರಶ್ನೆ: ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮಕ್ಕಳು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಕರ್ತನ ಪ್ರಾರ್ಥನೆಯನ್ನು ಅರ್ಧ ನಿಮಿಷದಲ್ಲಿ ಮಗ್ಗಿ ಹೇಳಿದ ಹಾಗೆ ಮುಗಿಸುತ್ತಾರೆ. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ. ಏನು ಮಾಡಲಿ?
— ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಬಾಯಿಪಾಠ ಬೇಡ ಎನ್ನಬೇಡಿ. ಕಾಯಿಲೆ ಬಿದ್ದು ಬೇರೆ ಮಾತು ತೋಚದಾಗ ಬಾಯಿಗೆ ಬರುವುದು ಅದೊಂದೇ. ಹಳೇ ಸಭೆಯವರು ದಿನಕ್ಕೆ ಮೂರು ಸಲ ಇದನ್ನು ಹೇಳುವ ವಾಡಿಕೆ ಇಟ್ಟುಕೊಂಡಿದ್ದರು. ವೇಗ ತಗ್ಗಿಸುವ ಉಪಾಯವಷ್ಟೇ ಬೇಕು.

ದೊಡ್ಡವರಿಗೆ ಮೊದಲು. ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರ್ 1535ರಲ್ಲಿ ತನ್ನ ಕ್ಷೌರಿಕ ಪೇತ್ರನಿಗೆ ಪ್ರಾರ್ಥನೆಯ ಬಗ್ಗೆ ಬರೆದುಕೊಟ್ಟ ಸಲಹೆ ಈಗಲೂ ಕೆಲಸಕ್ಕೆ ಬರುತ್ತದೆ. ಕರ್ತನ ಪ್ರಾರ್ಥನೆಯ ಒಂದೊಂದೇ ಬಿನ್ನಹವನ್ನು (ಬೇಡಿಕೆಯನ್ನು) ಹಿಡಿದು ಅದಕ್ಕೆ ನಿನ್ನ ಮಾತು ಸೇರಿಸು, ಯಾವುದಾದರೂ ಒಂದರಲ್ಲಿ ಮನಸ್ಸು ನಿಂತರೆ ಉಳಿದವನ್ನು ಬಿಟ್ಟು ಅಲ್ಲೇ ನಿಲ್ಲು ಎನ್ನುತ್ತಾನೆ. ಕತ್ತಿ ಹಿಡಿದ ಕ್ಷೌರಿಕ ಎಲ್ಲೋ ನೋಡುತ್ತಾ ಹರಟಿದರೆ ಗಿರಾಕಿಯ ಮೂಗೋ ಗಂಟಲೋ ಹೋದೀತು ಎಂದು ಅವನದೇ ಕಸುಬಿನಿಂದ ಎಚ್ಚರಿಸುತ್ತಾನೆ.

ಬಿನ್ನಹಗಳು ಏಳು ಎಂದು ಎಣಿಸಿದರೆ ವಾರಕ್ಕೆ ಸರಿಹೋಗುತ್ತದೆ. ಸೋಮವಾರ ದೇವರ ನಾಮ, ಮಂಗಳವಾರ ರಾಜ್ಯ, ಬುಧವಾರ ಚಿತ್ತ, ಗುರುವಾರ ಆಹಾರ, ಶುಕ್ರವಾರ ಕ್ಷಮೆ, ಶನಿವಾರ ಶೋಧನೆ, ಭಾನುವಾರ ಕೇಡಿನಿಂದ ಬಿಡುಗಡೆ. ಇಡೀ ಪ್ರಾರ್ಥನೆಯನ್ನು ಹೇಳಿ, ಆ ದಿನದ ಬಿನ್ನಹ ಬಂದಾಗ ಎರಡು ಮೂರು ನಿಮಿಷ ನಿಲ್ಲಿ. ಗುರುವಾರದ್ದು ನೋಡಿ. ನಿಮ್ಮ ಡಬ್ಬಿಯ ಅನ್ನ ಒಂದೇ ಅಲ್ಲ: ಕಾಲುವೆಯ ಕೊನೇ ಭಾಗಕ್ಕೆ ನೀರು ತಲುಪದ ರೈತರು, ಜೀನ್ಸ್ ಹೊಲಿಯುವ ಮನೆಗಳ ಹೆಂಗಸರ ಕೂಲಿ, ಬೆಂಗಳೂರಿಗೆ ಗುಳೆ ಹೋದ ಮನೆಯವರು ಟಿನ್ ಶೆಡ್ಡಿನಲ್ಲಿ ಬೇಯಿಸುವ ಅಡುಗೆ. ಪ್ರಾರ್ಥನೆ ‘ನಮ್ಮ’ ಆಹಾರ ಎನ್ನುತ್ತದೆ, ತಂದೆ ಒಬ್ಬನೇ ಆದರೆ ಅವರೂ ಅದೇ ಪಂಕ್ತಿಯವರು.

ಮಕ್ಕಳಿಗೆ ವಾರಕ್ಕೆ ಒಂದೇ ಸಾಲು. ಏಳೆಂಟು ವರ್ಷದವರಾದರೆ ಒಂದು ಸಾಲಿಗೆ ಐದು ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ. ‘ಆಹಾರ’ದ ವಾರ ಪ್ರತಿಯೊಬ್ಬರೂ ಇವತ್ತು ತಿಂದದ್ದನ್ನು ಹೇಳಲಿ, ಬೆಳೆದವರು ಯಾರು, ಮಾಡಿ ಬಡಿಸಿದವರು ಯಾರು ಎಂದು ಕೇಳಿ. ‘ಕ್ಷಮೆ’ಯ ವಾರ ಜಗಳವಾಡಿದವರನ್ನು ಎದುರುಬದುರು ನಿಲ್ಲಿಸಿ ಎಲ್ಲರ ಮುಂದೆ ತಬ್ಬಿಸಬೇಡಿ, ಮಕ್ಕಳಿಗೆ ಅದು ಶಿಕ್ಷೆಯೇ.

ಇನ್ನೊಂದು. ಗಲಾಟೆ ನಿಲ್ಲಿಸಲು ‘ದೇವರು ಕಣ್ಣು ಕೀಳುತ್ತಾನೆ’ ಎನ್ನುವುದು ನಮ್ಮ ಮನೆಗಳಲ್ಲಿ ಸಲೀಸು. ಆ ಮಾತನ್ನು ನಿಮ್ಮ ಪಾಠದಲ್ಲಿ ಎಲ್ಲೂ ತರಬೇಡಿ. ಕಣ್ಣು ಕೀಳುವವನನ್ನು ತಂದೆ ಎಂದು ಕರೆ ಎಂದರೆ ಯಾವ ಮಗು ಕರೆದೀತು? ಮೊದಲ ಪತ್ರ ಬರೆದ ಸಿಂಧನೂರಿನವರ ಕಷ್ಟದ ಸಣ್ಣ ಬೀಜ ಇಲ್ಲೂ ಇದೆ. ಅಪ್ಪ ಇಲ್ಲದ ಮಗು, ಕುಡುಕ ಅಪ್ಪನ ಮಗು ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತದೆ. ‘ನಿಮ್ಮ ಅಪ್ಪ ನಿಮ್ಮನ್ನು ಪ್ರೀತಿಸುವ ಹಾಗೆ ದೇವರು’ ಎಂದು ಶುರು ಮಾಡಬೇಡಿ. ಲೂಕ 15ರ ಅಪ್ಪನ ಕತೆಯಿಂದ ಶುರು ಮಾಡಿ, ಮಕ್ಕಳಿಂದಲೇ ಆಡಿಸಿ.

ಪ್ರಶ್ನೆ: ದೇವರು ತಂದೆ ಎಂದರೆ ಗಂಡಸೇ? ‘ಅವ್ವಾ’ ಎಂದು ಪ್ರಾರ್ಥಿಸಿದರೆ ತಪ್ಪೇ?
— ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ದೇವರು ಗಂಡಸೂ ಅಲ್ಲ, ಹೆಂಗಸೂ ಅಲ್ಲ. ಮೇಲೆ ಹೇಳಿದ ಕಥೋಲಿಕ ಧರ್ಮೋಪದೇಶ ಅದೇ 239ನೇ ಪರಿಚ್ಛೇದದಲ್ಲಿ ಇದನ್ನು ನೇರವಾಗಿ ಹೇಳುತ್ತದೆ, ಬೇರೆ ಸಭೆಗಳವರ ಬೋಧನೆಯೂ ಇದೇ. ತಾಯಿಯ ಚಿತ್ರಗಳು ಬೈಬಲ್ಲಿನಲ್ಲಿ ಧಾರಾಳ: ಹೆತ್ತ ಕೂಸನ್ನು ಮರೆಯದವಳು (ಯೆಶಾಯ 49:15), ತಾಯಿ ಸಂತೈಸುವಂತೆ ಸಂತೈಸುವವನು (66:13). ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಹೇಂಟೆಯ ಮಾತನ್ನು ಯೇಸು ತನ್ನ ಬಗ್ಗೆಯೇ ಆಡಿದ (ಲೂಕ 13:34). ಸಭೆಯ ಪ್ರಾರ್ಥನೆಯಲ್ಲಿ ‘ತಂದೆ’ ಉಳಿದಿರುವುದು ಯೇಸು ಹಾಗೆ ಕಲಿಸಿದ ಕಾರಣಕ್ಕೆ, ಅದನ್ನು ಅಲ್ಲಿ ಹಾಗೆಯೇ ಹೇಳಿ. ಒಬ್ಬಳೇ ಇರುವಾಗ ‘ಅವ್ವನ ಹಾಗೆ ನನ್ನನ್ನು ಎತ್ತಿಕೋ’ ಎಂದರೆ ಯೆಶಾಯನ ಮಾತನ್ನೇ ಹೇಳಿದ ಹಾಗೆ. ಹದಿನಾಲ್ಕನೇ ಶತಮಾನದಲ್ಲೇ ನಾರ್ವಿಚ್‌ನ ಜೂಲಿಯನ್ ಎಂಬ ಇಂಗ್ಲೆಂಡಿನ ತಪಸ್ವಿನಿ ಇಂಥ ಮಾತು ಬರೆದಿದ್ದಾಳೆ. ಇದರ ಮೇಲೆ ಹಾಸ್ಟೆಲಿನಲ್ಲಿ ಜಗಳ ಆಡುವಂಥದ್ದೇನೂ ಇಲ್ಲ.

ಪ್ರಶ್ನೆ: ಬೋರ್‌ವೆಲ್‌ನಲ್ಲಿ ನೀರು ಬೀಳಲಿ ಎಂದು ಕೇಳಬಹುದೇ? ಇಂಥ ಸಣ್ಣ ವಿಷಯ ದೇವರಿಗೇಕೆ ಎನ್ನುತ್ತಾರೆ.
— ರೈತರು, ಕುಷ್ಟಗಿ

ಉತ್ತರ: ಕುಷ್ಟಗಿಯಲ್ಲಿ ನೀರು ಸಣ್ಣ ವಿಷಯ ಎಂದವರು ಯಾರೋ! ಕೇಳಿ, ಧಾರಾಳವಾಗಿ ಕೇಳಿ (ಫಿಲಿಪ್ಪಿ 4:6). ಆದರೆ ಎಷ್ಟು ಅಡಿವರೆಗೆ ಕೊರೆಸುವುದು, ಎಷ್ಟು ಸಾಲದವರೆಗೆ ಹೋಗುವುದು ಎಂದು ಮನೆಯವರ ಜೊತೆ ಕೂತು ಮೊದಲೇ ಗೊತ್ತುಮಾಡಿ ಬರೆದಿಡಿ. ಗಾಡಿ ಹೊಲದಲ್ಲಿ ನಿಂತ ಮೇಲೆ ‘ಇನ್ನು ಐವತ್ತು ಅಡಿ’ ಎಂಬ ಆಸೆಯನ್ನು ನಂಬಿಕೆ ಎಂದುಕೊಳ್ಳಬೇಡಿ. ತೆಂಗಿನಕಾಯಿ ಹಿಡಿದು ಬಿಂದು ತೋರಿಸುವವರಿಗೆ ಕೊಡುವ ದುಡ್ಡನ್ನು ಭೂವಿಜ್ಞಾನಿಗೆ ಕೊಡಿ.

ಪ್ರಶ್ನೆ: ಅಪ್ಪ ಸತ್ತ ಮೇಲೆ ಅಣ್ಣ ನಾಲ್ಕು ಎಕರೆ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಕೋರ್ಟಿನಲ್ಲಿ ಪಾಲಿನ ದಾವೆ ಇದೆ. ‘ನಾವು ಕ್ಷಮಿಸಿದಂತೆ ನಮ್ಮನ್ನು ಕ್ಷಮಿಸು’ ಎಂಬ ಸಾಲು ಬಂದಾಗ ನಾನು ಸುಳ್ಳು ಹೇಳುತ್ತಿದ್ದೇನೆ ಅನಿಸುತ್ತದೆ. ಕೇಸು ವಾಪಸ್ ತೆಗೆಯಬೇಕೇ?
— ಓದುಗರು, ಸಿರುಗುಪ್ಪ

ಉತ್ತರ: ಕ್ಷಮಿಸುವುದು ಬೇರೆ, ಪಾಲು ಬಿಟ್ಟುಕೊಡುವುದು ಬೇರೆ. ಈ ಎರಡನ್ನೂ ಒಂದೇ ಮಾಡಿ ದಾಯಾದಿಗಳು ಬೈಬಲ್ ತೋರಿಸುವುದುಂಟು, ಎಚ್ಚರವಾಗಿರಿ.

ಕ್ಷಮೆಯ ಬಗ್ಗೆ ಯೇಸು ಹೇಳಿದ ಮತ್ತಾಯ 18ರ ಸಾಲದ ಕತೆಯ ಲೆಕ್ಕವನ್ನು ನಿಧಾನವಾಗಿ ನೋಡಿ. ಆಳು ರಾಜನಿಗೆ ಕೊಡಬೇಕಿದ್ದುದು ಹತ್ತು ಸಾವಿರ ತಲಾಂತು. ಒಂದು ದಿನಾರಿ ಎಂದರೆ ಒಂದು ದಿನದ ಕೂಲಿ, ಒಂದು ತಲಾಂತಿಗೆ ಸುಮಾರು ಆರು ಸಾವಿರ ದಿನಾರಿ. ಅಂದರೆ ಆರು ಕೋಟಿ ದಿನದ ಕೂಲಿ, ತೀರಿಸುವ ಮಾತೇ ಇಲ್ಲ. ಅದು ಮಾಫಿಯಾಯಿತು. ಅವನಿಗೆ ಜೊತೆಯ ಆಳಿನಿಂದ ಬರಬೇಕಿದ್ದುದು ನೂರು ದಿನಾರಿ. ಬೋಧಕರು ಇದನ್ನು ‘ಪುಡಿಗಾಸು’ ಎನ್ನುತ್ತಾರೆ. ಅಲ್ಲ, ಅದು ನೂರು ದಿನದ ಕೂಲಿ, ಮೂರು ತಿಂಗಳ ಗಂಜಿ. ನಿಮಗೆ ಆದ ನಷ್ಟ ನಿಜವಾದದ್ದು ಎಂಬುದನ್ನು ಆ ಕತೆ ಅಳಿಸುವುದಿಲ್ಲ. ಆ ಆಳಿನ ತಪ್ಪು ಲೆಕ್ಕ ಕೇಳಿದ್ದರಲ್ಲಿ ಇಲ್ಲ, ಕುತ್ತಿಗೆ ಹಿಡಿದು ಸೆರೆಗೆ ತಳ್ಳಿದ್ದರಲ್ಲಿದೆ.

ಆ ಸಾಲನ್ನು ಸದ್ಯಕ್ಕೆ ಹೀಗೆ ಹೇಳಿ: ‘ತಂದೆಯೇ, ಅಣ್ಣನನ್ನು ಕ್ಷಮಿಸುವ ಮನಸ್ಸು ನನಗಿಲ್ಲ, ಅದನ್ನು ಕೊಡು.’ ಇದರಲ್ಲಿ ಸುಳ್ಳಿಲ್ಲ. ಆಮೇಲೆ ಅಣ್ಣನ ಹೆಸರು ಹಿಡಿದು ಒಂದೇ ಒಂದು ಒಳ್ಳೆಯದನ್ನು ಕೇಳಿ, ಅವನ ಮಕ್ಕಳ ಓದು ಅಥವಾ ಅತ್ತಿಗೆಯ ಮೊಣಕಾಲು ನೋವು. ಅವನು ಸರಿದಾರಿಗೆ ಬರಲಿ ಎಂದು ಕೇಳಬೇಡಿ. ಅದು ಬೇಗ ಶಾಪವಾಗಿ ತಿರುಗುತ್ತದೆ, ಹೇಳುವವರಿಗೆ ಗೊತ್ತೇ ಆಗುವುದಿಲ್ಲ. ಮನೆಯ ಕೂಟದಲ್ಲಿ ‘ನಮ್ಮಣ್ಣನಿಗಾಗಿ ಪ್ರಾರ್ಥಿಸಿ’ ಎಂದು ಇಡೀ ಕತೆ ಬಿಚ್ಚಿದರೆ ಅದು ಹರಾಜು. ಒಂದಿಬ್ಬರು ನಂಬಿಕಸ್ತರಿಗೆ ಮಾತ್ರ ಹೇಳಿ. ಸಿಟ್ಟು ಪ್ರತಿ ವಾಯಿದೆಯ ಹಿಂದಿನ ರಾತ್ರಿ ಕೆರಳುತ್ತದೆ. ಆ ರಾತ್ರಿಗೆ ಮೊದಲೇ ತಯಾರಾಗಿ, ಕಡತ ಸಂಜೆಯೇ ಚೀಲಕ್ಕೆ ಹಾಕಿ, ಊಟವಾದ ಮೇಲೆ ಕೇಸಿನ ಮಾತು ಬೇಡ.

ಬೇಗ ಒಪ್ಪಂದಕ್ಕೆ ಬಾ ಎಂದು ಮತ್ತಾಯ 5:25 ಹೇಳುತ್ತದೆ. ಅದಕ್ಕೆ ಇವತ್ತಿನ ದಾರಿ ಲೋಕ ಅದಾಲತ್. ನಿಮ್ಮ ದಾವೆ ಇರುವ ನ್ಯಾಯಾಲಯದಲ್ಲೇ ವಕೀಲರ ಮೂಲಕ ಕೇಳಿಕೊಳ್ಳಬಹುದು, ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಇಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ. ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ. ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ, ಆದ್ದರಿಂದ ಸಹಿ ಹಾಕುವ ಮೊದಲು ಸರ್ವೆ ನಂಬರು, ಚಕ್ಕುಬಂದಿ, ಕಾಲುವೆ ನೀರಿನ ಸರದಿ ಮೂರನ್ನೂ ಓದಿಸಿ ಕೇಳಿ. ಅಣ್ಣ ಒಪ್ಪದಿದ್ದರೆ ದಾವೆ ನಡೆಯಲಿ, ಪ್ರಾರ್ಥನೆಯೂ ನಡೆಯಲಿ.

ಪ್ರಶ್ನೆ: ಸಕ್ಕರೆ ಕಾಯಿಲೆ ಇದೆ. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕೈ ನಡುಗುತ್ತದೆ, ಬೆವರುತ್ತೇನೆ. ಅದು ಆತ್ಮನ ಅಭಿಷೇಕ ಎನ್ನುತ್ತಾರೆ.
— ಓದುಗರು, ಲಿಂಗಸುಗೂರು

ಉತ್ತರ: ಅಭಿಷೇಕವಲ್ಲ, ರಕ್ತದಲ್ಲಿ ಸಕ್ಕರೆ ಇಳಿದಿರುವ ಲಕ್ಷಣ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಹೀಗಾಗುತ್ತದೆ. ಮಂಪರು ಕವಿದು ಪ್ರಾಣಕ್ಕೂ ಬರಬಹುದು. ಮತ್ತೆ ನಡುಕ ಬಂದರೆ ಅಲ್ಲೇ ಪ್ರಾರ್ಥನೆ ನಿಲ್ಲಿಸಿ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ. ಸುಧಾರಿಸಿದ ಮೇಲೆ ಊಟ ಮಾಡಿ. ಗ್ಲುಕೋಮೀಟರ್ ಇದ್ದರೆ 70ಕ್ಕಿಂತ ಕೆಳಗಿದೆಯೇ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು ಎಂದು ಕೂಟದವರಿಗೂ ತಿಳಿಸಿಡಿ.

ಉಪವಾಸ ಗುಟ್ಟಿನಲ್ಲಿರಲಿ, ತಂದೆ ನೋಡುತ್ತಾನೆ ಎಂದ ಮತ್ತಾಯ 6:18 ಊಟದ ಉಪವಾಸಕ್ಕಷ್ಟೇ ಸೀಮಿತವಾಗಬೇಕಿಲ್ಲ. ಶುಕ್ರವಾರ ಹೊತ್ತಿಗೆ ಸರಿಯಾಗಿ ಉಂಡು, ಮಾತ್ರೆ ನುಂಗಿ, ಮಾಂಸ ಬಿಡಿ, ಅಥವಾ ಸಂಜೆಯ ಸೀರಿಯಲ್ ಬಿಡಿ. ಮಾತ್ರೆಯ ಹೊತ್ತು ಬದಲಿಸುವುದಿದ್ದರೆ ವೈದ್ಯರನ್ನು ಕೇಳಿಯೇ ಬದಲಿಸಿ.